ಮೊಟ್ಟೆಯೊಳಗಿನ ಹೃದಯ: ರಕ್ತದ ಓಟವನ್ನು ಬೆಳಕಿನಿಂದ ಅಳೆಯುವುದು ಹೇಗೆ?

ಪ್ರಶ್ನೆ: ನಾವು ಉಡುಪಿ ಹತ್ತಿರದವರು. ಮನೆಯಲ್ಲಿ ನಾಟಿ ಕೋಳಿ ಸಾಕುತ್ತೇವೆ. ಕಾವಿಗೆ ಇಟ್ಟ ಮೊಟ್ಟೆಯನ್ನು 4–5ನೇ ದಿನ ರಾತ್ರಿ ಟಾರ್ಚಿಗೆ ಹಿಡಿದರೆ ಒಳಗೆ ಕೆಂಪು ರಕ್ತನಾಳಗಳ ಬಲೆ ಕಾಣುತ್ತದೆ. ನಡುವೆ ಒಂದು ಚುಕ್ಕೆ ಮಿಡಿಯುತ್ತಿರುತ್ತದೆ. ಆ ಚುಕ್ಕೆಯೊಳಗೆ ರಕ್ತ ಎಷ್ಟು ವೇಗವಾಗಿ ಓಡುತ್ತದೆ ಎಂದು ಬರೀ ಬೆಳಕಿನಿಂದ ಅಳೆಯಬಹುದು ಎನ್ನುತ್ತಾಳೆ ಮಂಗಳೂರಿನಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಓದುವ ಮಗಳು. ಹೇಗೆ? ಅಳೆದು ಏನು ಸಿಗುತ್ತದೆ? ಬೆಳಕಿನಿಂದ ಅಷ್ಟೆಲ್ಲ ಆಗುವುದಾದರೆ ನನ್ನ ಸೊಸೆಗೆ 20ನೇ ವಾರದಲ್ಲಿ ಮಗುವಿನ ಹೃದಯದ ಸ್ಕ್ಯಾನ್ ಮಾಡುವಾಗ ಅದನ್ನು ಯಾಕೆ ಬಳಸಲಿಲ್ಲ? ಮಗಳು ಇದೇ ವಿಷಯದಲ್ಲಿ ಪ್ರಾಜೆಕ್ಟ್ ಮಾಡುತ್ತೇನೆ ಅನ್ನುತ್ತಿದ್ದಾಳೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸೊಸೆಯ ಸ್ಕ್ಯಾನ್ ವಿಷಯ ಮೊದಲು ಮುಗಿಸೋಣ, ಅದು ಸುಲಭ. ಬೆಳಕು ಮೈಯೊಳಗೆ ದೂರ ಹೋಗುವುದಿಲ್ಲ. ಹೋಗುವಷ್ಟೂ ಅತ್ತಿತ್ತ ಚದುರುತ್ತದೆ. ನಾನು ಮುಂದೆ ಹೇಳುವ ವಿಧಾನದಲ್ಲಿ ಸ್ಪಷ್ಟ ಚಿತ್ರ ಸಿಗುವುದು 1–2 ಮಿಲಿಮೀಟರ್ ಆಳದವರೆಗೆ ಮಾತ್ರ. ತಾಯಿಯ ಚರ್ಮ, ಕೊಬ್ಬು, ಗರ್ಭಕೋಶ, ನೀರು ಎಲ್ಲ ದಾಟಿ ಮಗುವಿನ ಎದೆ ಮುಟ್ಟಬೇಕಾದರೆ ಹಲವು ಸೆಂಟಿಮೀಟರ್ ಒಳಗೆ ಇಳಿಯಬೇಕು. ಅಲ್ಲಿಗೆ ಹೋಗಿ ಬರುವ ಶಕ್ತಿ ಇರುವುದು ಶಬ್ದಕ್ಕೆ. ಹಾಗಾಗಿ ಗರ್ಭಿಣಿಯರಿಗೆ ಅಲ್ಟ್ರಾಸೌಂಡೇ ಸರಿ, ಅದಕ್ಕೆ ಬದಲಿ ಹುಡುಕಬೇಕಾಗಿಲ್ಲ.

ಆದರೆ ಇನ್ನೊಂದು ಮಾತು ಉಂಟು. 20ನೇ ವಾರದಲ್ಲಿ ಡಾಕ್ಟರು ನೋಡುವುದು ಕಟ್ಟಿ ಮುಗಿದ ಹೃದಯವನ್ನು. ಮನುಷ್ಯರ ಹೃದಯ ಮಿಡಿಯಲು ಶುರು ಮಾಡುವುದು ಗರ್ಭ ನಿಂತ ಸುಮಾರು 22 ದಿನಕ್ಕೆ. ಆಗ ಅದು ಒಂದು ಸಣ್ಣ ಕೊಳವೆ, ಅಷ್ಟೇ. 8ನೇ ವಾರ ಮುಗಿಯುವ ಹೊತ್ತಿಗೆ ನಾಲ್ಕು ಕೋಣೆಗಳು ಬೇರೆ ಬೇರೆಯಾಗಿರುತ್ತವೆ. ತಪ್ಪು ನಡೆಯುವುದಾದರೆ ಹೆಚ್ಚಾಗಿ ಈ ಕೆಲವು ವಾರಗಳಲ್ಲಿ. ಅಷ್ಟು ಚಿಕ್ಕ ಹೃದಯದ ಒಳಗಿನ ಓಟವನ್ನು ಆಸ್ಪತ್ರೆಯ ಅಲ್ಟ್ರಾಸೌಂಡ್ ವಿವರವಾಗಿ ತೋರಿಸಲಾರದು. ಆದ್ದರಿಂದ ವಿಜ್ಞಾನಿಗಳು ನಿಮ್ಮ ಹಟ್ಟಿಯ ಮೊಟ್ಟೆಗೆ ಬರುತ್ತಾರೆ.

ಕೋಳಿಮರಿಯ ಹೃದಯ ಮೊದಮೊದಲು ನಮ್ಮದರಂತೆಯೇ ಬೆಳೆಯುತ್ತದೆ. ಕೊಳವೆ, ಆಮೇಲೆ ಬಲಕ್ಕೆ ಬಾಗುವುದು, ಆಮೇಲೆ ಕೋಣೆಗಳು. ಕಾವು ಸಿಕ್ಕಿ ಒಂದೂವರೆ ದಿನಕ್ಕೆ ಮೊದಲ ಮಿಡಿತ. ಎರಡು ದಿನದ ಹೊತ್ತಿಗೆ ರಕ್ತ ಓಡಲು ಶುರು. ಮೂರನೇ ದಿನ ಹೃದಯ ಚೆನ್ನಾಗಿ ಬಾಗಿದ ಕೊಳವೆ. ಎಂಟನೇ ದಿನದ ಹೊತ್ತಿಗೆ ನಾಲ್ಕು ಕೋಣೆ. ಇದೆಲ್ಲ ತಾಯಿಯ ಹೊಟ್ಟೆಯಲ್ಲಲ್ಲ, ಚಿಪ್ಪಿನ ಕೆಳಗೆ, ಹಳದಿಯ ಮೇಲ್ಮೈಯಲ್ಲೇ ನಡೆಯುತ್ತದೆ. ಚಿಪ್ಪಿನಲ್ಲಿ ಕಿಟಕಿ ಕೊರೆದರೆ ಹೃದಯ ಎದುರಿಗೇ ಇರುತ್ತದೆ. ನೀವು ನೋಡಿದ ಮಿಡಿಯುವ ಚುಕ್ಕೆಯನ್ನು ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆ ನೋಡಿ ಬರೆದಿಟ್ಟಿದ್ದಾನೆ. ರಕ್ತ ಮೈಯೆಲ್ಲ ಸುತ್ತಿ ಬರುತ್ತದೆ ಎಂದು 1628ರಲ್ಲಿ ತೋರಿಸಿಕೊಟ್ಟ ವಿಲಿಯಂ ಹಾರ್ವೆ ಕೂಡ ಮೊಟ್ಟೆ ಒಡೆದು ಇದನ್ನೇ ನೋಡಿದ್ದ.

ಈಗ ವಿಚಿತ್ರ ಕೇಳಿ. ಮಿಡಿತ ಶುರುವಾಗುವ ಹಂತದಲ್ಲಿ ಮರಿಗೆ ಆಮ್ಲಜನಕ ಸಾಗಿಸಲು ಹೃದಯ ಬೇಕಾಗಿಯೇ ಇಲ್ಲ. ಮೈ ಅಷ್ಟು ತೆಳು, ಆಮ್ಲಜನಕ ಸುಮ್ನೆ ಇಂಗಿಕೊಂಡೇ ಒಳಗೆ ಹೋಗುತ್ತದೆ. ಝೀಬ್ರಾ ಮೀನಿನ ಮರಿಯಂತೂ ಹೃದಯ ಪಂಪ್ ಮಾಡದಿದ್ದರೂ ಕೆಲವು ದಿನ ಬದುಕುತ್ತದೆ. ಹಾಗಾದರೆ ಅಷ್ಟು ಬೇಗ ಯಾಕೆ ಮಿಡಿಯಬೇಕು? ಹೃದಯ ತಯಾರಾದ ಮೇಲೆ ರಕ್ತ ಓಡುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ, ಅಲ್ವಾ? ನಡೆಯುವುದು ಹಾಗಲ್ಲ. ಓಡುವ ರಕ್ತವೂ ಹೃದಯವನ್ನು ಕಟ್ಟುತ್ತದೆ. ಮಂಗಳೂರಿನ ಅಳಿವೆ ಬಾಗಿಲು, ಅಂದರೆ ನದಿ ಸಮುದ್ರ ಸೇರುವ ಜಾಗ, ನೋಡಿದವರಿಗೆ ಇದು ಹೊಸದಲ್ಲ. ನೀರು ಹರಿಯುವ ರೀತಿ ಬೆಂಗ್ರೆಯ ಮರಳನ್ನು ರೂಪಿಸುತ್ತದೆ, ಆ ಮರಳು ತಿರುಗಿ ನೀರಿನ ದಾರಿಯನ್ನು ತಿದ್ದುತ್ತದೆ. ಹೃದಯದ ಒಳಗೋಡೆಯ ಜೀವಕೋಶಗಳು ತಮ್ಮ ಮೇಲೆ ಉಜ್ಜಿಕೊಂಡು ಹೋಗುವ ರಕ್ತದ ಎಳೆತವನ್ನು ಗ್ರಹಿಸುತ್ತವೆ. ಅದಕ್ಕೆ ತಕ್ಕ ಹಾಗೆ ಕೆಲವು ಜೀನ್‌ಗಳನ್ನು ಶುರು ಮಾಡುತ್ತವೆ, ಕೆಲವನ್ನು ನಿಲ್ಲಿಸುತ್ತವೆ.

ಇದು ಬರೀ ಊಹೆ ಅಲ್ಲ. 2003ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ತಂಡವೊಂದು ಝೀಬ್ರಾ ಮೀನಿನ ಭ್ರೂಣದಲ್ಲಿ ಸುಮಾರು 50 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಅಗಲದ ಪುಟ್ಟ ಮಣಿಯನ್ನು ಹೃದಯದ ಬಾಗಿಲಲ್ಲಿ ಕೂರಿಸಿತು. ಕೆಲವು ಮರಿಗಳಲ್ಲಿ ರಕ್ತ ಒಳಬರುವ ಬಾಗಿಲು, ಕೆಲವದರಲ್ಲಿ ಹೊರಹೋಗುವ ಬಾಗಿಲು. ಜೀನ್ ಯಾವುದನ್ನೂ ಮುಟ್ಟಲಿಲ್ಲ. ರಕ್ತದ ಓಟ ಮಾತ್ರ ತಪ್ಪಿತು. ಹೃದಯ ಸರಿಯಾಗಿ ಬಾಗಲಿಲ್ಲ, ಕವಾಟ ಮೂಡಲಿಲ್ಲ, ಕೊನೆಯ ಕೋಣೆ ಆಗಲೇ ಇಲ್ಲ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದ ಪ್ರಯೋಗ 2007ರದ್ದು, ಇಲಿಯ ಭ್ರೂಣದ್ದು. ಅದರಲ್ಲಿ ರಕ್ತಕಣಗಳು ಹುಟ್ಟಿದ ಜಾಗದಿಂದ ಹೊರಬರದ ಹಾಗೆ ತಡೆದರು. ಓಡುವುದಕ್ಕೆ ತೆಳು ನೀರು ಮಾತ್ರ ಉಳಿಯಿತು. ಹಳದಿ ಚೀಲದ ರಕ್ತನಾಳಗಳು ದೊಡ್ಡವು ಸಣ್ಣವು ಎಂದು ಕವಲೊಡೆಯದೆ ಹಾಗೇ ನಿಂತವು. ರಕ್ತಕಣ ಇಲ್ಲ ಎಂದರೆ ಆಮ್ಲಜನಕವೂ ಇಲ್ಲ, ಅದಕ್ಕೇ ಹೀಗಾಯಿತು ಎಂದು ಯಾರಾದರೂ ಹೇಳಬಹುದು. ಆ ಸಂಶಯ ಬಿಡಿಸಲು ಅವರು ಪಿಷ್ಟದ ದ್ರಾವಣ ಸೇರಿಸಿ ದ್ರವವನ್ನು ದಪ್ಪ ಮಾಡಿದರು. ಆಮ್ಲಜನಕ ಹೆಚ್ಚಾಗಲಿಲ್ಲ, ಗೋಡೆಯ ಮೇಲಿನ ಎಳೆತ ಮಾತ್ರ ಹೆಚ್ಚಾಯಿತು. ರಕ್ತನಾಳಗಳು ಮತ್ತೆ ಸರಿಯಾಗಿ ಕವಲೊಡೆದವು. ಇಷ್ಟು ಚೊಕ್ಕವಾಗಿ ಒಂದು ಸಂಶಯವನ್ನು ಬಗೆಹರಿಸುವ ಪ್ರಯೋಗ ಅಪರೂಪ.

ಹಾಗಾದರೆ ಓಟವನ್ನು ಅಳೆಯಬೇಕು. ಅದೂ ಹೃದಯ ಮಿಡಿಯುತ್ತಿರುವಾಗಲೇ, ಮುಟ್ಟದೆ, ಚುಚ್ಚದೆ.

ನಿಮ್ಮ ಟಾರ್ಚ್ ತೋರಿಸುವುದು ನೆರಳು. ಹಿಮೋಗ್ಲೋಬಿನ್ ನೀಲಿ, ಹಸಿರು ಬೆಳಕನ್ನು ಹೀರಿ ಕೆಂಪನ್ನು ಬಿಡುತ್ತದೆ, ಅದಕ್ಕೇ ಕೆಂಪು ಬಲೆ. ರಕ್ತ ಎಲ್ಲಿದೆ ಎಂದು ಗೊತ್ತಾಗುತ್ತದೆ, ಎಷ್ಟು ಓಡುತ್ತಿದೆ ಎಂದಲ್ಲ. ವೇಗ ತಿಳಿಯಲು ಈಗ ಜಾಸ್ತಿ ಬಳಸುವುದು ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಚಿಕ್ಕದಾಗಿ ಓಸಿಟಿ. ಮಂಗಳೂರು, ಮಣಿಪಾಲದ ಕಣ್ಣಿನ ವಿಭಾಗಗಳಲ್ಲಿ ಸಕ್ಕರೆ ಕಾಯಿಲೆಯವರ ಅಕ್ಷಿಪಟಲ ನೋಡಲು ಗಲ್ಲ ಇಟ್ಟು ಕೂರಿಸುತ್ತಾರಲ್ಲ, ಅದೇ ತಂತ್ರ. 1991ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇಮ್ಸ್ ಫುಜಿಮೊಟೊ ತಂಡ ಇದನ್ನು ಮೊದಲು ಪ್ರಕಟಿಸಿತು.

ಉಪಾಯ ಹೀಗೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲು ಕನ್ನಡಿಗೆ, ಇನ್ನೊಂದು ಭ್ರೂಣಕ್ಕೆ. ಎರಡೂ ವಾಪಸು ಬಂದು ಸೇರುತ್ತವೆ. ಭ್ರೂಣದ ಯಾವ ಆಳದಿಂದ ಎಷ್ಟು ಬೆಳಕು ಮರಳಿತು ಎಂಬುದು ಆ ಸೇರಿಕೆಯ ಅಲೆಗಳಲ್ಲಿ ಬರೆದಿರುತ್ತದೆ. ಅಲ್ಟ್ರಾಸೌಂಡಿನ ಹಾಗೆ ಪ್ರತಿಧ್ವನಿ ಬಂದ ಹೊತ್ತನ್ನು ನೇರವಾಗಿ ಅಳೆಯಬಾರದೇ ಎಂದರೆ, ಆಗುವುದಿಲ್ಲ. 10 ಮೈಕ್ರೋಮೀಟರ್ ದಾಟಲು ಬೆಳಕಿಗೆ ಸುಮಾರು 33 ಫೆಮ್ಟೊಸೆಕೆಂಡ್ ಸಾಕು. ಒಂದು ಸೆಕೆಂಡನ್ನು ಸಾವಿರ ಲಕ್ಷಕೋಟಿ ಪಾಲು ಮಾಡಿ ಅದರಲ್ಲಿ 33 ಪಾಲು ತೆಗೆದುಕೊಂಡಷ್ಟು. ಅಷ್ಟು ಚುರುಕಾದ ಎಲೆಕ್ಟ್ರಾನಿಕ್ಸ್ ಈ ಯಂತ್ರಗಳಲ್ಲಿ ಇಲ್ಲ, ಬೇಕಾಗಿಯೂ ಇಲ್ಲ. ಅಲೆಗಳೇ ಲೆಕ್ಕ ಕೊಡುತ್ತವೆ. ವಿವರ ಸುಮಾರು 10 ಮೈಕ್ರೋಮೀಟರ್, ಅಂದರೆ ಕೋಳಿಯ ಒಂದು ರಕ್ತಕಣದಷ್ಟು.

ವೇಗಕ್ಕೆ ಬರೋಣ. ಒಂದೇ ಜಾಗಕ್ಕೆ ಎರಡು ಸಲ ಬೆಳಕು ಹಾಯಿಸಿ. ನಡುವೆ ರಕ್ತಕಣ ಸ್ವಲ್ಪ ಸರಿದಿದ್ದರೆ ಮರಳಿದ ಬೆಳಕಿನ ಅಲೆ ಅಷ್ಟು ಮುಂದೆ ಹಿಂದೆ ಆಗಿರುತ್ತದೆ. ಇದಕ್ಕೆ ಫೇಸ್ ಬದಲಾವಣೆ ಎನ್ನುತ್ತಾರೆ. ಒಂದು ಸಲ ಬೆಳಕು ಹಾಯಿಸಿದಾಗ ಸಿಗುವ ಆಳದ ಲೆಕ್ಕಕ್ಕೆ ಗೆರೆ ಎನ್ನೋಣ. ಯಂತ್ರ ಸೆಕೆಂಡಿಗೆ 50,000 ಗೆರೆ ತೆಗೆಯುತ್ತದೆ ಅಂತಿಟ್ಟುಕೊಳ್ಳಿ, ಎರಡು ಗೆರೆಗಳ ನಡುವೆ 20 ಮೈಕ್ರೋಸೆಕೆಂಡ್. ಬೆಳಕು 1310 ನ್ಯಾನೋಮೀಟರಿನದ್ದು. ಆಗ ಕಣ 0.24 ಮೈಕ್ರೋಮೀಟರ್ ಸರಿದರೆ ಫೇಸ್ ಅರ್ಧ ಸುತ್ತು ತಿರುಗುತ್ತದೆ. ರಕ್ತಕಣದ ಉದ್ದದ ನಲವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಸರಿದದ್ದೂ ಗೊತ್ತಾಗುತ್ತದೆ!

ತೊಂದರೆಯೂ ಅಲ್ಲೇ ಇದೆ. ಅರ್ಧ ಸುತ್ತಿಗಿಂತ ಜಾಸ್ತಿ ತಿರುಗಿದರೆ ಯಂತ್ರಕ್ಕೆ ಅದು ಉಲ್ಟಾ ದಿಕ್ಕಿಗೆ ತಿರುಗಿದ ಹಾಗೆ ಕಾಣುತ್ತದೆ. ಮೇಲಿನ ಲೆಕ್ಕದಲ್ಲಿ ಆ ಮಿತಿ ಸೆಕೆಂಡಿಗೆ ಸುಮಾರು 12 ಮಿಲಿಮೀಟರ್. ಮೂರು ದಿನದ ಕೋಳಿಮರಿಯಲ್ಲಿ ಹೃದಯದಿಂದ ರಕ್ತ ಹೊರಗೆ ಹೋಗುವ ನಳಿಗೆಯ ನಡುವೆ ವೇಗ ಅದನ್ನು ಸುಲಭವಾಗಿ ದಾಟುತ್ತದೆ. ಮುಂದಿನ ಓಟಕ್ಕೆ ಕೆಂಪು, ಹಿಂದಿನದಕ್ಕೆ ನೀಲಿ ಬಣ್ಣ ಕೊಟ್ಟಿದ್ದರೆ ಆಗ ಪರದೆಯಲ್ಲಿ ಅಂಚೆಲ್ಲ ಕೆಂಪು, ನಡುವೆ ಮಾತ್ರ ನೀಲಿ. ಹೊಸಬರು ನೋಡಿದರೆ ರಕ್ತ ಹಿಂದೆ ಹೋಗುತ್ತಿದೆ ಎಂದೇ ಬರೆದುಕೊಳ್ಳುತ್ತಾರೆ. ನಿಜಕ್ಕೂ ಅಲ್ಲಿ ಅದು ಎಲ್ಲಕ್ಕಿಂತ ಜೋರಾಗಿ ಮುಂದೆ ಹೋಗುತ್ತಿರುತ್ತದೆ. ವೇಗದ ಯಂತ್ರ ತಂದರೆ ಮಿತಿ ಮೇಲೇರುತ್ತದೆ. ಆದರೆ ಎರಡು ಗೆರೆಗಳ ಅಂತರ ಚಿಕ್ಕದಾದಷ್ಟೂ ನಿಧಾನದ ಓಟ ಕೈತಪ್ಪುತ್ತದೆ. ನಮಗೆ ಬೇಕಾದ ಗೋಡೆಯಂಚಿನ ರಕ್ತ ಓಡುವುದೋ ನಿಧಾನವಾಗಿ!

ಇದಕ್ಕಿಂತ ದೊಡ್ಡ ತಲೆನೋವು ಕೋನ. ಹೀಗೆ ಫೇಸ್‌ನಿಂದ ವೇಗ ತಿಳಿಯುವುದಕ್ಕೆ ಡಾಪ್ಲರ್ ಓಸಿಟಿ ಎನ್ನುತ್ತಾರೆ. ಅದು ಅಳೆಯುವುದು ಬೆಳಕಿನ ಕಿರಣದ ದಿಕ್ಕಿನಲ್ಲಿ ಆದ ಚಲನೆಯನ್ನು ಮಾತ್ರ. ಕಿರಣಕ್ಕೆ ನೇರ ಅಡ್ಡವಾಗಿ ಓಡುವ ರಕ್ತ ಎಷ್ಟೇ ವೇಗದ್ದಾದರೂ ಪರದೆಯಲ್ಲಿ ಸೊನ್ನೆ. ಓರೆಯಾಗಿ ಓಡಿದರೆ ಸಿಕ್ಕ ಸಂಖ್ಯೆಯನ್ನು ಕೋನದ ಕೊಸೈನ್‌ನಿಂದ ಭಾಗಿಸಿ ನಿಜವಾದ ವೇಗ ಪಡೆಯಬೇಕು. ಕೋನ 45 ಡಿಗ್ರಿ ಇದ್ದು ನಾವು 50 ಅಂದುಕೊಂಡರೆ ವೇಗದಲ್ಲಿ ಸುಮಾರು ಶೇಕಡಾ 10 ತಪ್ಪುತ್ತದೆ, ಸಹಿಸಬಹುದು. ಕೋನ 80 ಇದ್ದು 85 ಅಂದುಕೊಂಡರೆ? ಉತ್ತರ ದುಪ್ಪಟ್ಟಾಗಿಬಿಡುತ್ತದೆ. ಮೊಟ್ಟೆಯಲ್ಲಿ ಭ್ರೂಣ ಹಳದಿಯ ಮೇಲೆ ಮಲಗಿರುತ್ತದೆ, ಕಿರಣ ಮೇಲಿನಿಂದ ಬರುತ್ತದೆ. ಮಲಗಿದ ರಕ್ತನಾಳಗಳಲ್ಲಿ ಕೋನ 90ರ ಆಸುಪಾಸಿಗೇ ಬರುತ್ತದೆ. ಹೃದಯವಂತೂ ಬಾಗಿದ ಕೊಳವೆ, ಮಿಡಿದಾಗಲೆಲ್ಲ ಹೊರಳುತ್ತದೆ. ಕೋನ ಒಂದೇ ಆಗಿ ನಿಲ್ಲುವುದೇ ಇಲ್ಲ.

ಹಾಗಾಗಿ ಯಾರಾದರೂ ಬಣ್ಣಬಣ್ಣದ ಡಾಪ್ಲರ್ ಚಿತ್ರ ತೋರಿಸಿ ವೇಗ ಇಷ್ಟು ಅಂದರೆ ನಾನು ಮೊದಲು ಕೇಳುವುದು ಕೋನ ಹೇಗೆ ಗೊತ್ತಾಯಿತು ಎಂದು. ಪೂರ್ತಿ ಮೂರು ಆಯಾಮದ ಚಿತ್ರದಿಂದ ನಳಿಗೆಯ ನಡುಗೆರೆ ಎಳೆದು ಕೋನ ತೆಗೆದಿದ್ದರೆ ಸರಿ. ಎರಡು ಮೂರು ದಿಕ್ಕಿನಿಂದ ಕಿರಣ ಹಾಯಿಸಿ ಅಳೆದಿದ್ದರೆ ಇನ್ನೂ ಒಳ್ಳೆಯದು. ಕಣ್ಣಂದಾಜಿನಲ್ಲಿ ಹಾಕಿದ್ದರೆ ಚಿತ್ರ ಎಷ್ಟು ಚೆಂದ ಇದ್ದರೂ ಸಂಖ್ಯೆಗೆ ಬೆಲೆ ಇಲ್ಲ.

ಆ ಮೂರು ಆಯಾಮದ ಚಿತ್ರ ತೆಗೆಯುವುದೂ ಸುಲಭವಲ್ಲ. ಮೂರು ದಿನದ ಹೃದಯ ಸೆಕೆಂಡಿಗೆ ಎರಡು ಸಲಕ್ಕಿಂತ ಜಾಸ್ತಿ ಮಿಡಿಯುತ್ತದೆ. ಇಡೀ ಹೃದಯವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಕ್ಯಾನ್ ಮಾಡಿ ಮುಗಿಸುವಷ್ಟರಲ್ಲಿ ಆಕಾರ ಹತ್ತಾರು ಸಲ ಬದಲಾಗಿರುತ್ತದೆ. ಅದಕ್ಕೆ ಒಂದೊಂದು ಜಾಗದಲ್ಲೂ ಕೆಲವು ಮಿಡಿತ ನಿಂತು ರೆಕಾರ್ಡ್ ಮಾಡುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲ ತುಂಡುಗಳ ಮಿಡಿತವನ್ನೂ ಒಂದೇ ಹೊತ್ತಿಗೆ ಹೊಂದಿಸಿ ಜೋಡಿಸುತ್ತಾರೆ. ಅಮೆರಿಕದ ಒರೆಗಾನ್‌ನಲ್ಲಿ ಸಾಂಡ್ರಾ ರುಗೋನಿಯವರ ತಂಡ ಕೋಳಿ ಭ್ರೂಣದಲ್ಲಿ ಈ ಜೋಡಣೆಯ ಕೆಲಸ ಚೆನ್ನಾಗಿ ಮಾಡಿದೆ. ಇದೆಲ್ಲ ನಡೆಯುವಾಗ ಮೊಟ್ಟೆ ತಣ್ಣಗಾಗಬಾರದು. ತಣ್ಣಗಾದರೆ ಮಿಡಿತ ಇಳಿಯುತ್ತದೆ, ಓಟವೂ ಇಳಿಯುತ್ತದೆ. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲೂ ಕೋಣೆ 38 ಡಿಗ್ರಿ ಇರುವುದಿಲ್ಲ. ಎ.ಸಿ. ಹಾಕಿದ ಲ್ಯಾಬಿನ ಕಥೆ ಕೇಳುವುದೇ ಬೇಡ.

ಅಳೆದು ಏನು ಸಿಕ್ಕಿತು ಎಂದು ಕೇಳಿದ್ದೀರಿ. ಮೊದಲು ನಿಮ್ಮ ಕೆಂಪು ಬಲೆಯ ವಿಷಯವನ್ನೇ ಹೇಳುತ್ತೇನೆ. ಆ ನಾಳಗಳಲ್ಲಿ ಕೆಲವು ಹಳದಿಯಿಂದ ರಕ್ತವನ್ನು ಹೃದಯಕ್ಕೆ ತರುತ್ತವೆ. 1997ರಲ್ಲಿ ನೆದರ್‌ಲೆಂಡ್ಸಿನ ಸಂಶೋಧಕರು ಅವುಗಳಲ್ಲಿ ಒಂದು ಮುಖ್ಯ ನಾಳವನ್ನು ಪುಟ್ಟ ಕ್ಲಿಪ್ಪಿನಿಂದ ಮುಚ್ಚಿ, ಶಾಯಿ ಬಿಟ್ಟು ನೋಡಿದರು. ಹೃದಯವನ್ನು ಅವರು ಮುಟ್ಟಲೇ ಇಲ್ಲ. ರಕ್ತ ಹೃದಯದೊಳಗೆ ಬೇರೆ ದಾರಿ ಹಿಡಿಯಿತು. ಮುಂದೆ ಅಂಥ ಮರಿಗಳಲ್ಲಿ ಕೋಣೆಗಳ ನಡುವೆ ತೂತು, ದೊಡ್ಡ ರಕ್ತನಾಳಗಳು ಹೊರಡುವ ಜಾಗದಲ್ಲಿ ಏರುಪೇರು ಕಂಡವು. ಅಷ್ಟು ಚಿಕ್ಕ ಹೃದಯದಲ್ಲಿ ಸುಳಿ, ಕಲಸುವಿಕೆ ಹೆಚ್ಚು ಇರುವುದಿಲ್ಲ. ನಡುವೆ ಗೋಡೆ ಇಲ್ಲದಿದ್ದರೂ ಬೇರೆ ಬೇರೆ ನಾಳದ ರಕ್ತ ಬೇರೆ ಬೇರೆ ಪಟ್ಟಿಯಾಗಿಯೇ ಸಾಗುತ್ತದೆ. ಅದಕ್ಕೇ ಶಾಯಿಯ ದಾರಿ ಅಷ್ಟು ಸ್ಪಷ್ಟವಾಗಿ ಕಾಣುವುದು.

ಇನ್ನೊಂದು, ಹಿಂದಕ್ಕೆ ಓಡುವ ರಕ್ತ. ಕವಾಟ ಇನ್ನೂ ಇಲ್ಲದ ಕೊಳವೆ ಹಿಂಡಿಕೊಂಡಾಗ ಒಂದು ಪಾಲು ರಕ್ತ ಹಿಂದೆ ಜಾರುತ್ತದೆ. ದೊಡ್ಡವರಲ್ಲಿ ಇದನ್ನು ಕವಾಟ ಸೋರುವುದು ಎಂದು ಕಾಯಿಲೆಯ ಲೆಕ್ಕಕ್ಕೆ ಹಾಕುತ್ತೇವೆ. ಭ್ರೂಣದಲ್ಲಿ ಹಾಗಲ್ಲ. 2009ರಲ್ಲಿ ಝೀಬ್ರಾ ಮೀನಿನಲ್ಲಿ ಕಂಡದ್ದು ಏನೆಂದರೆ, ಕವಾಟ ಬರಬೇಕಾದ ಜಾಗದಲ್ಲಿ ರಕ್ತ ಹಿಂದೆ ಮುಂದೆ ತುಯ್ಯುವುದೇ ಒಂದು ಜೀನ್‌ಗೆ ಚಾಲನೆ ಕೊಡುತ್ತದೆ. ಅದರ ಹೆಸರು ಕೆಎಲ್ಎಫ್2ಎ. ಆ ತುಯ್ಯುವಿಕೆ ಕಡಿಮೆ ಮಾಡಿದರೆ ಕವಾಟ ಸರಿಯಾಗಿ ಆಗುವುದಿಲ್ಲ. ಅಂದರೆ ಹಿಂದಕ್ಕೆ ಓಡುವುದು ಬೇಕು, ಒಂದು ಅಳತೆಯಲ್ಲಿ. ಅಳತೆ ಮೀರಿದರೆ ಏನಾಗುತ್ತದೆ ಎಂಬುದಕ್ಕೂ ಸುಳಿವು ಉಂಟು. ಅಮೆರಿಕದ ಕೇಸ್ ವೆಸ್ಟರ್ನ್ ವಿಶ್ವವಿದ್ಯಾಲಯದವರು ಕ್ವೇಲ್ ಹಕ್ಕಿಯ ಭ್ರೂಣಕ್ಕೆ ತೀರಾ ಆರಂಭದಲ್ಲಿ ಆಲ್ಕೋಹಾಲ್ ಕೊಟ್ಟು, ಆಮೇಲೆ ಓಸಿಟಿಯಲ್ಲಿ ನೋಡಿದರು. ಹೃದಯ ಬಾಗುವ ಹಂತದಲ್ಲೇ ಹಿಂದಕ್ಕೆ ಓಡುವ ಪಾಲು ಹೆಚ್ಚಾಗಿತ್ತು. ಮುಂದೆ ಹೃದಯದ ದೋಷಗಳೂ ಕಂಡವು. 2014ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಸಮಯ. ಆಕಾರದ ತಪ್ಪು ಕಣ್ಣಿಗೆ ಬೀಳುವ ಮೊದಲೇ ಓಟದ ತಪ್ಪು ಸಿಕ್ಕಿತು. ಟಾರ್ಚಿನಲ್ಲಾಗಲಿ, ಸತ್ತ ಭ್ರೂಣವನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದರಲ್ಲಾಗಲಿ ಇದು ಸಿಗುತ್ತಿರಲಿಲ್ಲ.

ಇದನ್ನು ಓದಿ ಸೊಸೆ ಗಾಬರಿಯಾಗುವುದು ಬೇಡ. ಹುಟ್ಟುವ ಸುಮಾರು ನೂರು ಮಕ್ಕಳಲ್ಲಿ ಒಬ್ಬರಿಗೆ ಹೃದಯದಲ್ಲಿ ಏನಾದರೂ ದೋಷ ಇರುತ್ತದೆ, ಅದರಲ್ಲಿ ಎಷ್ಟೋ ಸಣ್ಣವು. ಜೀನ್, ತಾಯಿಯ ಸಕ್ಕರೆ ಕಾಯಿಲೆ, ರುಬೆಲ್ಲಾ, ಕೆಲವು ಔಷಧ ಹೀಗೆ ಕಾರಣ ಹಲವು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಕೋಳಿಮರಿಯ ಲೆಕ್ಕವನ್ನು ನೇರವಾಗಿ ಮನುಷ್ಯರ ಮೇಲೆ ಹೇರುವ ಹಾಗೂ ಇಲ್ಲ. ಅದಕ್ಕೆ ಊಟ ಬರುವುದು ಹಳದಿಯಿಂದ, ನಮಗೆ ಮಾಸಿನಿಂದ. 20ನೇ ವಾರದ ಸ್ಕ್ಯಾನ್ ಸರಿ ಇದೆ ಎಂದು ಡಾಕ್ಟರು ಹೇಳಿದ್ದರೆ ಆ ಮಾತನ್ನೇ ನಂಬಿ.

ಇನ್ನು ಮಗಳ ಪ್ರಾಜೆಕ್ಟ್. ಕಣ್ಣಿನ ಆಸ್ಪತ್ರೆಯ ಓಸಿಟಿಯನ್ನು ಮೊಟ್ಟೆಗೆ ತಿರುಗಿಸಿ ಅಳೆಯುತ್ತೇನೆ ಎಂದು ಹೊರಡುವುದು ಬೇಡ. ಅದರ ಲೆನ್ಸು, ಸಾಫ್ಟ್‌ವೇರ್ ಎಲ್ಲ ಕಣ್ಣಿಗೆಂದೇ ಮಾಡಿದ್ದು, ಫೇಸ್‌ನ ಕಚ್ಚಾ ಲೆಕ್ಕ ಹೊರಗೆ ಸಿಗುವುದು ಕಷ್ಟ. ಓಸಿಟಿ ಇರುವ ಸಂಶೋಧನಾ ಲ್ಯಾಬಿನ ಬಾಗಿಲು ತೆರೆದರೆ ಒಳ್ಳೆಯದು. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಝೀಬ್ರಾ ಮೀನು ನಮ್ಮ ಉಪಖಂಡದ್ದೇ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಎರಡು ಮೂರು ದಿನದ ಮರಿ ಪಾರದರ್ಶಕ. ಕಾಲೇಜಿನ ಮೈಕ್ರೋಸ್ಕೋಪಿಗೆ ಮೊಬೈಲ್ ಕಟ್ಟಿ ಸ್ಲೋ ಮೋಷನ್‌ನಲ್ಲಿ ತೆಗೆದರೆ ಬಾಲದ ನಾಳದಲ್ಲಿ ಒಂದೊಂದೇ ರಕ್ತಕಣ ಕಾಣುತ್ತದೆ. ಸೆಕೆಂಡಿಗೆ 240 ಚಿತ್ರ ಇದ್ದು, ಕಣ ಸೆಕೆಂಡಿಗೆ ಅರ್ಧ ಮಿಲಿಮೀಟರ್ ಓಡಿದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಸರಿಯುವುದು 2 ಮೈಕ್ರೋಮೀಟರ್ ಚಿಲ್ಲರೆ. ಅದೇ ಕಣವನ್ನು ಹಿಂಬಾಲಿಸಬಹುದು. 30 ಚಿತ್ರದಲ್ಲಾದರೆ ಅದು 17 ಮೈಕ್ರೋಮೀಟರ್ ಹಾರಿರುತ್ತದೆ, ಯಾವ ಕಣ ಯಾವುದು ಎಂದು ಗೊತ್ತಾಗುವುದಿಲ್ಲ.

ಅದಕ್ಕೂ ಮೊದಲು ಜೀವ ಇಲ್ಲದ ಒಂದು ಪರೀಕ್ಷೆ ಮಾಡಲಿ. 1 ಮಿಲಿಮೀಟರ್ ಒಳವ್ಯಾಸದ ಗಾಜಿನ ನಳಿಗೆಯಲ್ಲಿ ನೀರು ಬೆರೆಸಿದ ಹಾಲನ್ನು ಸಿರಿಂಜ್ ಪಂಪಿನಿಂದ ಗಂಟೆಗೆ 1 ಮಿಲಿಲೀಟರ್ ಬಿಡಲಿ. ಹಾಲಿನ ಕೊಬ್ಬಿನ ಕಣಗಳು ಬೆಳಕನ್ನು ಚದುರಿಸುತ್ತವೆ, ಓಸಿಟಿಗೆ ಅಷ್ಟು ಸಾಕು. ಸರಾಸರಿ ವೇಗ ಸೆಕೆಂಡಿಗೆ 0.35 ಮಿಲಿಮೀಟರ್ ಬರಬೇಕು, ನಳಿಗೆಯ ನಡುವೆ ಅದರ ಎರಡರಷ್ಟು, ಗೋಡೆಯಲ್ಲಿ ಸೊನ್ನೆ. ಮೈಕ್ರೋಸ್ಕೋಪಿನಲ್ಲಿ ಮಾಡುವುದಾದರೆ ಹಾಲಿನ ಬದಲು ಕಣ್ಣಿಗೆ ಕಾಣುವ ಸಣ್ಣ ಕಣಗಳನ್ನು ನೀರಿಗೆ ಹಾಕಲಿ. ಓಸಿಟಿ ಸಿಕ್ಕರೆ ನಳಿಗೆಯನ್ನು ಕಿರಣಕ್ಕೆ 60, 70, 80 ಡಿಗ್ರಿ ಕೋನ ಬರುವ ಹಾಗೆ ಓರೆ ಮಾಡುತ್ತಾ ಹೋಗಲಿ. ಪಂಪ್ ಬದಲಾಗಿಲ್ಲ, ಹಾಗಾಗಿ ಕೊಸೈನ್ ಲೆಕ್ಕ ಮುಗಿದ ಮೇಲೆ ಉತ್ತರವೂ ಬದಲಾಗಬಾರದು. ಬದಲಾದರೆ ಎಷ್ಟು ಬದಲಾಯಿತೋ ಅದೇ ಅವಳ ಅಳತೆಯ ತಪ್ಪು. ಅದನ್ನು ವರದಿಯಲ್ಲಿ ಬರೆಯಲಿ. ಮೀನು, ಮೊಟ್ಟೆ ಎರಡಕ್ಕೂ ಕೈ ಹಾಕುವ ಮೊದಲು ಕಾಲೇಜಿನ ಪ್ರಾಣಿ ಪ್ರಯೋಗದ ನೈತಿಕ ಸಮಿತಿಯನ್ನು ಕೇಳಬೇಕು. ಒಪ್ಪಿಗೆ ಬರಲು ಸಮಯ ಹಿಡಿಯಬಹುದು, ಆದ್ದರಿಂದ ಅರ್ಜಿಯನ್ನು ಸೆಮಿಸ್ಟರಿನ ಶುರುವಿಗೇ ಕೊಟ್ಟು ಆಮೇಲೆ ಹಾಲಿನ ನಳಿಗೆಗೆ ಕೂರಲಿ.